ಕಡೇಮನೆ ಅಮ್ಮನ ಖಾಲಿ ಜಾಗ

ಅವರ ಸೀರೆಯ ಅಂಚಿನಲ್ಲಿ ಯಾವಾಗಲೂ ಉತ್ತರಾಣಿ ಬೀಜ ಕಚ್ಚಿಕೊಂಡಿರುತ್ತಿತ್ತು. ಮಾಸಿದ ಕಾಟನ್ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ಬಡಾವಣೆಯ ಸಂಘದ ಸಭೆಗೂ ಹಾಗೇ ಬರುತ್ತಿದ್ದರು. ಅಧ್ಯಕ್ಷರು ಭಾಷಣ ಮಾಡುತ್ತಿದ್ದರೆ, ಇವರು ಸೀರೆಯಿಂದ ಒಂದೊಂದೇ ಬೀಜ ಕಿತ್ತು ಅವರ ಮುಂದಿನ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ಬೇಕಂತಲೇ ಇಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಬಡಾವಣೆ ಚಾಮುಂಡಿ ಬೆಟ್ಟದ ತಪ್ಪಲಿನದು, ಹೊಸದು. ಕೊನೆಯ ಸಾಲಿನ ಕೊನೆಯ ಮನೆ ಅವರದು, ಅದಕ್ಕೇ ಕಡೇಮನೆ ಅಮ್ಮ. ಗಂಡ ತೀರಿಕೊಂಡ ಮೇಲೆ ಅಗ್ರಹಾರದ ಮನೆಯಲ್ಲಿದ್ದ ತಮ್ಮ ಪಾಲು ಮಾರಿ ಇಲ್ಲಿ ಕಟ್ಟಿಸಿಕೊಂಡಿದ್ದರು. ಆ ಸಾಲಿನ ಮನೆಗಳ ಹಿಂದೆ ಉದ್ದಕ್ಕೆ ಬಡಾವಣೆಗೆ ಸೇರಿದ ಒಂದು ಖಾಲಿ ಜಾಗ, ಅದರಾಚೆ ಬೆಟ್ಟದ ಕುರುಚಲು. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿ ಬೀಳುವುದು ಮೈಸೂರಿನವರಿಗೆ ಹೊಸದೇನಲ್ಲ. ಅದು ಮನೆಗಳಿಗೆ ದಾಟದಿರಲಿ ಎಂದು ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಪ್ರಾಧಿಕಾರದವರು ಷರತ್ತು ಹಾಕಿದ್ದರು: ಆ ಜಾಗದಲ್ಲಿ ಮರ ನೆಡಬಾರದು, ತರಗು ಸುರಿಯಬಾರದು, ಬೇಸಿಗೆಗೆ ಮುಂಚೆ ಹುಲ್ಲು ಕೊಯ್ದು ಬೋಳಾಗಿ ಇಡಬೇಕು.

ನಾನು ನರ್ಸರಿಯವನು. ಬನ್ನಿಮಂಟಪದ ರಸ್ತೆ ಬದಿಯಲ್ಲಿ ತಳ್ಳುಗಾಡಿ ಇಟ್ಟು ಗುಲಾಬಿ ಗಿಡ ಮಾರಿ ಮೇಲೆ ಬಂದವನು. ಗಿರಾಕಿ ಗೇಟು ತೆಗೆಯುವ ರೀತಿ ನೋಡಿಯೇ ಕೊಳ್ಳುತ್ತಾರೋ ಇಲ್ಲವೋ ಹೇಳಬಲ್ಲೆ. ಈ ಅಮ್ಮನ ವಿಷಯದಲ್ಲಿ ಮಾತ್ರ ಅಂದಾಜು ತಪ್ಪಿತು.

“ಅಮ್ಮಾ, ಹಿಂದುಗಡೆ ಒಂದು ಸಾಲು ಹಳದಿ ಬಿದಿರು ಹಾಕ್ಬುಡೋಣ. ಧೂಳೂ ಬರಲ್ಲ, ಆ ಒಣಗಿದ ಬೆಟ್ಟನೂ ಕಾಣಲ್ಲ,” ಎಂದೆ.

“ಬೆಟ್ಟ ಕಾಣ್ಲಿ ಅಂತಾನೇ ಬಂದಿರೋದು ಕಣಪ್ಪ. ಬಿದಿರು ಉದುರಿಸೋ ಒಣ ಸಿಪ್ಪೆ ನೀನು ಬಂದು ಗುಡಿಸ್ತೀಯಾ? ಬೆಂಕಿ ಬಂದ್ರೆ ಮೊದಲು ನನ್ನ ಮನೆಗೇ ತಾನೇ ಬರೋದು? ನಿನ್ ಗಿಡ ಬೇಡ. ಹುಲ್ಲು ಕುಯ್ಯೋ ಮಿಷನ್ ಇದ್ಯಾ, ಹೇಳು.”

ಮಿಷನ್ ಇತ್ತು. ಗಿಡ ಮಾರಲು ಹೋದವನು ಹುಲ್ಲು ಕೊಯ್ಯಲು ಒಪ್ಪಿಕೊಂಡು ಬಂದೆ. ಚೌಕಾಸಿಯಲ್ಲಿ ನನ್ನನ್ನು ಮಣಿಸಿದವರು ಅವರೊಬ್ಬರೇ.

ಪ್ರತಿ ವರ್ಷ ಮಿಷನ್ನಿನ ಮುಂದೆ ಕಲ್ಲು ಸರಿಸುತ್ತ ಅವರೇ ನಡೆಯುತ್ತಿದ್ದರು. ಅಕ್ಕಪಕ್ಕದವರಿಗೆ ಆ ಜಾಗ ಪುಕ್ಕಟೆ ತಿಪ್ಪೆ. ತೆಂಗಿನ ಗರಿ, ಬಾಳೆಯ ಒಣ ಎಲೆ, ಕತ್ತರಿಸಿದ ಬೇಲಿ, ಎಲ್ಲವನ್ನೂ ಕಾಂಪೌಂಡಿನಾಚೆ ಎಸೆಯುತ್ತಿದ್ದರು. ಅಮ್ಮ ಜಗಳ ಆಡುತ್ತಿರಲಿಲ್ಲ. ಗರಿಯನ್ನು ದರದರ ಎಳೆದುಕೊಂಡು ಬೀದಿ ಸುತ್ತಿ ಬಂದು, ಎಸೆದವರ ಗೇಟಿನ ಮುಂದೆ ಹಾಕಿ ಬೆಲ್ ಒತ್ತುತ್ತಿದ್ದರು. “ನಿಮ್ಮನೆ ಸಾಮಾನು ಆ ಕಡೆ ಬಂದಿತ್ತು, ತಗೊಳ್ಳಿ.” ಅವರ ಬೆನ್ನ ಹಿಂದೆ “ಬರಗಾಲದಮ್ಮ” ಎಂದು ನಗುತ್ತಿದ್ದರು. ಬೆನ್ನ ಹಿಂದಿನದೂ ಅವರಿಗೆ ಕೇಳಿಸುತ್ತಿತ್ತು.

ಬೆಟ್ಟದ ಮಗ್ಗುಲಲ್ಲಿ ಸೈಟು ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ. ಗೋಡೆಗೆ ಅಂಟಿಸಿ ಪೊದೆ ಬೆಳೆಸಬೇಡಿ. ಕೊಂಬೆ ತಾರಸಿಯ ಮೇಲೆ ಬಾಗಲು ಬಿಡಬೇಡಿ. ಏನು ನೆಡಬೇಕು ಎನ್ನುವುದಕ್ಕಿಂತ ಎಲ್ಲಿ ನೆಡಬಾರದು ಎಂದು ಮೊದಲು ಕೇಳಿ. ಇಂದು ಗಿರಾಕಿಗಳು ಇದಕ್ಕಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇದೆಲ್ಲ ಆ ಅಮ್ಮನಿಂದ ಬಂದದ್ದು, ನನ್ನ ಸ್ವಂತದ್ದೇನೂ ಇಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ನಾನು ಬಡಾವಣೆಯ ಪಾರ್ಕಿನಲ್ಲಿ ಕೆಲಸ ಮಾಡಿಸುತ್ತಿದ್ದೆ. ಇಳಿಜಾರಿನಲ್ಲಿ ಹೊಗೆ ಎದ್ದಿತು. ನೋಡನೋಡುತ್ತ ಬೆಂಕಿ ಚಟಚಟನೆ ಕೆಳಗಿಳಿಯಿತು. ಜನ ಕಾರು ಹೊರತೆಗೆದರು, ಗ್ಯಾಸ್ ಸಿಲಿಂಡರನ್ನು ಬೀದಿಗೆ ಉರುಳಿಸಿದರು. ಅಮ್ಮ ಪೈಪು ಹಿಡಿದು ಹಿಂದಿನ ಗೋಡೆ ನೆನೆಸುತ್ತ ನಿಂತರು. ಬೆಂಕಿ ಖಾಲಿ ಜಾಗದ ಅಂಚಿಗೆ ಬಂತು, ಮುಂದೆ ತಿನ್ನಲು ಏನೂ ಸಿಗದೆ ಅಲ್ಲೇ ಕುಸಿಯಿತು. ಫೈರ್ ಎಂಜಿನ್ ಬಂದಾಗ ಉಳಿದಿದ್ದದ್ದು ಹೊಗೆ.

ಸಂಜೆ ಎಲ್ಲರೂ ಪಾರ್ಕಿನಲ್ಲಿ ಸೇರಿದರು. “ತಾಯಿ ಚಾಮುಂಡಿ ಕಾಪಾಡಿದ್ಳು ಕಣ್ರೀ, ಇಲ್ದಿದ್ರೆ ಏನ್ ಗತಿ!” ಎಂದರು ಅಧ್ಯಕ್ಷರು. ಎಲ್ಲರೂ ಬೆಟ್ಟದ ಕಡೆ ಕೈ ಮುಗಿದರು. ಅಮ್ಮನೂ ಮುಗಿದರು.

“ಹೌದು, ಅವಳೇ ಕಾಪಾಡಿದ್ದು. ಹುಲ್ಲು ಕುಯ್ಸು ಅಂತ ನನಗೆ ಬುದ್ಧಿ ಕೊಟ್ಟೋಳೂ ಅವಳೇ. ನಿಮಗೂ ಒಸಿ ಕೊಡ್ಲಿ ಅಂತ ಕೇಳ್ಕೊತೀನಿ.”

ಯಾರೂ ನಗಲಿಲ್ಲ. ನಾನು ನಕ್ಕುಬಿಟ್ಟೆ. ಮರುವರ್ಷ ಪಾರ್ಕಿನ ಕೆಲಸ ಬೇರೆಯವರಿಗೆ ಹೋಯಿತು.

ಹೋದ ಆಷಾಢದಲ್ಲಿ ಅಮ್ಮ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ವೈಕುಂಠ ಸಮಾರಾಧನೆ ಮುಗಿಯುತ್ತಲೇ ಅಧ್ಯಕ್ಷರ ಫೋನು ಬಂತು.

“ಪಾಪ, ಆ ಜಾಗ ಅಂದ್ರೆ ಅವರಿಗೆ ಪ್ರಾಣ ಕಣ್ರೀ. ದಿನಾ ಅಲ್ಲೇ ಓಡಾಡೋರು. ಅವರ ಹೆಸರಲ್ಲಿ ಅಲ್ಲೇ ಒಂದು ಸ್ಮೃತಿವನ ಮಾಡೋಣ ಅಂತ ತೀರ್ಮಾನ ಆಗಿದೆ. ಸರ್ವೆ, ಸಿಲ್ವರ್ ಓಕ್, ಬೇಗ ಬೆಳೆಯೋದು ಕೊಡಿ.”

ಜೀವಮಾನದಲ್ಲಿ ಅಷ್ಟು ಚೌಕಾಸಿ ಮಾಡಿದವನಲ್ಲ ನಾನು. ಪಾರ್ಕಿನಲ್ಲಿ ನೆಡಿ, ಗಿಡ ಪುಕ್ಕಟೆ ಕೊಡುತ್ತೇನೆ ಎಂದೆ. ಅವರ ಹೆಸರು ಕೆತ್ತಿಸಿ ಕಲ್ಲು ಬೆಂಚು ಹಾಕಿಸುತ್ತೇನೆ ಎಂದೆ. ಷರತ್ತು ನೆನಪಿಸಿದೆ, ಬೆಂಕಿ ಬಂದ ಮಧ್ಯಾಹ್ನವನ್ನು ನೆನಪಿಸಿದೆ.

“ಗಿಡ ಮಾರೋರೇ ಗಿಡ ಬೇಡ ಅಂತೀರಲ್ರೀ! ಒಳ್ಳೆ ಕೆಲಸಕ್ಕೆ ಅಡ್ಡಗಾಲು ಹಾಕ್ಬೇಡಿ,” ಎಂದು ಫೋನ್ ಇಟ್ಟರು.

ಸಸಿಗಳು ಬೇರೆ ನರ್ಸರಿಯಿಂದ ಬಂದವು. ಅಮ್ಮನ ಫೋಟೋಕ್ಕೆ ಹಾರ ಹಾಕಿ, ಗರಿ ಎಸೆಯುತ್ತಿದ್ದ ಕೈಗಳೇ ಮಣ್ಣು ಮುಚ್ಚಿದವು. ಸಸಿಗೊಂದರಂತೆ ಕಬ್ಬಿಣದ ಬೇಲಿ ಹಾಕಿಸಿದರು. ಈಗ ನಡುವೆ ಮಿಷನ್ ನುಗ್ಗುವುದಿಲ್ಲ. ಮೊನ್ನೆ ಕುಡುಗೋಲು ಹಿಡಿದ ಆಳುಗಳೊಡನೆ ಹೋಗಿ, ಸುತ್ತಲ ಹುಲ್ಲನ್ನಾದರೂ ಕೊಯ್ದು ಕೊಡುತ್ತೇನೆ ಎಂದು ಕಾರ್ಯದರ್ಶಿಯನ್ನು ಕೇಳಿದೆ. ತಮ್ಮ ಮನೆಯ ಗೇಟಿನಲ್ಲೇ ತಡೆದರು.

“ಬೇಡ ಸಾರ್. ನಿಮ್ಮ ಆಳುಗಳು ಹುಲ್ಲಿನ ಜೊತೆ ಸಸಿನೂ ಸವರಿಬುಟ್ರೆ? ಸತ್ತೋರ ಹೆಸರಿನ ಗಿಡ ಅದು.”

ಬದುಕಿದ್ದಾಗ ಅಮ್ಮನ ಮಾತು ಕೇಳದವರು ಈಗ ಅವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುತ್ತಾರೆ. ಬೀದಿ ಸುತ್ತಿ ಕಡೇಮನೆಯ ಪಕ್ಕದಿಂದ ಹೋಗಿ ನೋಡಿದೆ. ಒಂದು ಸಸಿಯೂ ಒಣಗಿಲ್ಲ. ಸುತ್ತ ಸೊಂಟದೆತ್ತರದ ಹುಲ್ಲು ಪೂರ್ತಿ ಒಣಗಿದೆ.