ಹದಿನೇಳು ಸಾವಿರ ಮೈಲಿ

ಯಾವ ವಸ್ತುವಿಗೂ ನ್ಯಾಯವಾದ ಬೆಲೆ ಕಟ್ಟುವ ವಿದ್ಯೆ ಶೇಷಾದ್ರಿಗೆ ಹುಟ್ಟಿನಿಂದಲೇ ಬಂದಿತ್ತು. ಎಂಟನೇ ವಯಸ್ಸಿನಲ್ಲಿ ಅರಸೀಕೆರೆಯ ಸಂತೆಯಲ್ಲಿ ಕೊತ್ತಂಬರಿ ಕಟ್ಟನ್ನು ಅಂಗೈಯಲ್ಲಿ ತೂಗಿ, "ಅಮ್ಮ, ಇದಕ್ಕೆ ನೀನು ಎಂಟಾಣೆ ಕಮ್ಮಿ ಕೊಟ್ಟಿದೀಯ" ಎಂದು ತೀರ್ಪು ಕೊಟ್ಟು, ತಾಯಿಯಿಂದ ಬೆನ್ನಿಗೆ ಗುದ್ದು ತಿಂದಿದ್ದ. ಅವನ ವೈಚಿತ್ರ್ಯವೇ ಅದು. ಬೆಲೆ ಹೆಚ್ಚಾದರೆ ಇಳಿಸುವವರು ಲೋಕದಲ್ಲಿ ಎಷ್ಟೋ ಜನ. ಇವನು ಕಡಿಮೆಯಾದರೆ ಏರಿಸುವವನು.

ಈಗ ಅವನು ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದಲ್ಲಿ ಮರದ ಉಂಗುರಗಳನ್ನು ಎಣಿಸುವ ಸಂಶೋಧಕ. ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಕಾಂಚನಾ ಎರಡನೆಯ ಸಲ ಬಸುರಿ, ಮನೆ ಊರಾಚೆ, ಚಳಿಗಾಲ ಹತ್ತಿರ. ಕುಟುಂಬಕ್ಕೊಂದು ಎಸ್‌ಯುವಿ ಬೇಕೆಂದು ತೀರ್ಮಾನವಾಯಿತು. ಶೇಷಾದ್ರಿ ಮೂರು ವಾರ ಲ್ಯಾಪ್‌ಟಾಪಿನ ಮುಂದೆ ತಪಸ್ಸಿಗೆ ಕೂತ. ಸ್ವೀಡಿಶ್ ಬಾರದ್ದರಿಂದ ಜರ್ಮನಿಯ ಒಂದು ಇಂಗ್ಲಿಷ್ ಜಾಲತಾಣ ಹಿಡಿದು ಅರವತ್ತೊಂದು ಕಾರುಗಳ ವಯಸ್ಸು, ಓಡಿದ ಕಿಲೋಮೀಟರ್, ತುಕ್ಕು ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿ, ಒಂದು ಸೂತ್ರ ಕಟ್ಟಿದ. ಯಾವ ಕಾರಿನ ವಿವರ ಕೊಟ್ಟರೂ ಅದರ ನ್ಯಾಯವಾದ ಬೆಲೆ ಕೊನೆಯ ಕ್ರೋನಾವರೆಗೆ ಉದುರುತ್ತಿತ್ತು. ಅಂಥ ಸೂತ್ರ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಆ ಹೊತ್ತಿಗೇ ಭಾಸ್ಕರ ತಮ್ಮ ಕಾರು ಮಾರುವುದಾಗಿ ಹೇಳಿದರು. ಭಾಸ್ಕರ ಅಂದರೆ ಉಮೆಯೊದ ಕನ್ನಡಿಗರಿಗೆಲ್ಲ ಅಣ್ಣ. ಹದಿನಾರು ವರ್ಷದಿಂದ ಅಲ್ಲಿದ್ದವರು. ಶೇಷಾದ್ರಿ ಬಂದಿಳಿದ ದಿನ ನಿಲ್ದಾಣಕ್ಕೆ ಬಂದು, ಪರ್ಸೊನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆಗೆ ಅರ್ಜಿ ಹಾಕಿಸಿ, ಮಗಳಿಗೆ ದಾಗಿಸ್ ಎಂಬ ಶಿಶುವಿಹಾರದಲ್ಲಿ ಜಾಗ ಹುಡುಕಿಕೊಟ್ಟವರು. ಅವರ ಮಾತಿನ ಮೇಲೆ ಶೇಷಾದ್ರಿಗೆ ತನ್ನ ಸೂತ್ರದಷ್ಟೇ ನಂಬಿಕೆ.

"ಏಳು ವರ್ಷದ ಗಾಡಿ ಕಣಪ್ಪ, ಹದಿನೇಳು ಸಾವಿರ ಮೈಲಿ ಓಡಿದೆ. ಎಂಬತ್ತು ಸಾವಿರ ಕೊಡು ಸಾಕು" ಎಂದರು ಭಾಸ್ಕರ.

ಶೇಷಾದ್ರಿ ಮನಸ್ಸಿನಲ್ಲೇ ಒಂದು ಪಾಯಿಂಟ್ ಆರರಿಂದ ಗುಣಿಸಿದ. ಇಪ್ಪತ್ತೇಳು ಸಾವಿರ ಕಿಲೋಮೀಟರ್. ಪಾಪ, ತರಕಾರಿ ತರುವುದು ಬಿಟ್ಟರೆ ಎಲ್ಲಿಗೂ ಹೋಗಿಲ್ಲ ಇವರು! ಮೀಟರ್ ಬಗ್ಗಿ ನೋಡಿದ: 171340. ಅಪ್ಪನ ಸ್ಕೂಟರಿನ ಮೀಟರಿನಲ್ಲಿ ಕೊನೆಯ ಅಂಕಿ ದಶಮಾಂಶದ್ದು. ಆ ಲೆಕ್ಕದಲ್ಲಿ ಹದಿನೇಳು ಸಾವಿರದ ನೂರ ಮೂವತ್ತನಾಲ್ಕು. ತಾಳೆಯಾಯಿತು. ಪಕ್ಕದಲ್ಲಿ ಮಿನುಗುತ್ತಿದ್ದ ಎರಡು ಪುಟ್ಟ ಅಕ್ಷರಗಳನ್ನು ಓದುವ ಅಗತ್ಯವೇ ಕಾಣಲಿಲ್ಲ. ಸೂತ್ರ ಹೇಳಿದ ಬೆಲೆ ಒಂದು ಲಕ್ಷದ ಮೂವತ್ತು ಸಾವಿರ! ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ತನ್ನನ್ನು ಕೈಹಿಡಿದು ನಡೆಸಿದವರನ್ನು ತಾನೇ ದೋಚುವುದೇ?

ಮರುದಿನ ಫೀಕಾ ಎಂಬ ಕಾಫಿ-ತಿಂಡಿಯ ಹೊತ್ತಿಗೆ ಅವರ ಮನೆಗೆ ಹೋದ. "ಅಣ್ಣ, ನೀವು ಹೇಳಿದ ರೇಟ್ ಅನ್ಯಾಯ. ತೊಂಬತ್ತು ತಗೊಳ್ಳಿ. ನನ್ನ ಹತ್ರ ಇರೋದೇ ಅಷ್ಟು, ಇಲ್ದಿದ್ರೆ ಇನ್ನೂ ಕೊಡ್ತಿದ್ದೆ."

ಭಾಸ್ಕರ ದಾಲ್ಚಿನ್ನಿ ಬನ್ನನ್ನು ಕಾಫಿಯಲ್ಲಿ ಅದ್ದಿದರು. ಅದು ನೆನೆದು ಅರ್ಧ ಮುರಿದು ಬಿತ್ತು. ಆಮೇಲೆ, "ನಿನ್ನ ಮನಸ್ಸಿಗೆ ನೋವು ಮಾಡೋಕೆ ನಂಗಿಷ್ಟ ಇಲ್ಲ" ಎಂದು ಒಪ್ಪಿಕೊಂಡರು.

ಹತ್ತನೆಯ ದಿನ ಚಳಿಗಾಲದ ಟೈರು ಹಾಕಿಸಲು ಹೋದಾಗ ಗ್ಯಾರೇಜಿನ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು: ಎಂಜಿನ್ ಬೆಲ್ಟ್ ಬದಲಿಸುವ ಕಾಲ ಬಂತು, ಒಂದು ಲಕ್ಷದ ಎಪ್ಪತ್ತು ಸಾವಿರ ಕಿಲೋಮೀಟರ್ ದಾಟಿದೆ. ಶೇಷಾದ್ರಿ ನಕ್ಕು, ಅಲ್ಲ, ಹದಿನೇಳು ಸಾವಿರ ಮೈಲಿ ಎಂದ. ಅವಳೂ ನಕ್ಕಳು. ಹೌದು, ಅದೇ, ನಮ್ಮಲ್ಲಿ ಒಂದು 'ಮಿಲ್' ಅಂದರೆ ಹತ್ತು ಕಿಲೋಮೀಟರ್.

ಗ್ಯಾರೇಜಿನಿಂದ ನೇರ ಭಾಸ್ಕರರ ಮನೆಗೆ ಹೋದ. ಅವರ ಹೆಂಡತಿ ಶೋಭನಾ ಕಾಫಿ ಇಟ್ಟರು. ಹದಿನೇಳರ ಮಗಳು ಅಹನಾ ಸೋಫಾದಲ್ಲಿ ಫೋನು ಹಿಡಿದು ಮಲಗಿದ್ದಳು.

"ಮೈಲಿ ಅಂದ್ರೆ ಇಲ್ಲಿ ಮಿಲ್ ಕಣಪ್ಪ," ಎಂದರು ಭಾಸ್ಕರ. "ನಾವೆಲ್ಲ ಮೈಲಿ ಅಂತಾನೇ ಹೇಳೋದು."

"ಯಾವ ಕನ್ನಡದಲ್ಲಿ?"

"ಉಮೆಯೊ ಕನ್ನಡದಲ್ಲಿ."

ಶೇಷಾದ್ರಿ ಯೋಚಿಸಿದ. ನ್ಯಾಯವಾಗಿ ನೋಡಿದರೆ ಅದೂ ಸರಿಯೇ. "ಆಯ್ತು, ಅದು ನನ್ನ ತಪ್ಪು. ಎಂಬತ್ತೂ ಸರಿಯಾದ ರೇಟೇ ಇರ್ಬಹುದು. ನಾನು ಹತ್ತು ಏರಿಸಿದಾಗ ಏನಂದ್ಕೊಂಡ್ರಿ ಅಣ್ಣ?"

"ನೀನು ಸೈಂಟಿಸ್ಟು. ಏನೋ ಲೆಕ್ಕ ಇರುತ್ತೆ ಅಂದ್ಕೊಂಡೆ."

"ಮೆನ್ ಪಪ್ಪಾ, ದು ವಿಸ್ತೆ ಯು," ಎಂದಳು ಅಹನಾ, ಫೋನಿನಿಂದ ಕಣ್ಣು ತೆಗೆಯದೆ.

ಶೇಷಾದ್ರಿ ಶೋಭನಾರ ಮುಖ ನೋಡಿದ. "ಏನಂದ್ಲು ಅಕ್ಕ?"

ಶೋಭನಾ ಸೆರಗಿಲ್ಲದ ಸ್ವೆಟರಿನಲ್ಲಿ ಸೆರಗು ಹುಡುಕಿದರು. "ನಿಮಗೆ ಗೊತ್ತಿತ್ತಲ್ಲ ಪಪ್ಪಾ, ಅಂದ್ಲು."

"ಅವತ್ತು ಡಿನ್ನರ್‌ನಲ್ಲಿ ಹೇಳಿದ್ರಲ್ಲ," ಅಹನಾ ಈಗ ಕನ್ನಡಕ್ಕೆ ಇಳಿದಳು, ಅಂಕಲ್‌ಗೆ ಸುಲಭವಾಗಲಿ ಎಂದು. "ಪಾಪ ಅವನಿಗೆ ಮಿಲ್ ಅಂದ್ರೇನು ಗೊತ್ತಿಲ್ಲ ಅಂತ. ಎಲ್ರೂ ಎಷ್ಟು ನಕ್ವಿ."

ಹತ್ತು ಸಾವಿರದ ಪೆಟ್ಟನ್ನು ಶೇಷಾದ್ರಿ ತಾಳಿಕೊಂಡಿದ್ದ. ಈ ಮಾತು ಬೇರೆಲ್ಲೋ ತಾಗಿತು. ತಾನು ಇವರಿಗಾಗಿ ನಿದ್ದೆಗೆಟ್ಟಿದ್ದ. ಇವರು ತಟ್ಟೆಯ ಸುತ್ತ ಕೂತು ನಗುತ್ತಿದ್ದರು.

ಭಾಸ್ಕರ ಫೋನು ಒತ್ತಿದರು. ಶೇಷಾದ್ರಿಯ ಜೇಬು ಗುಂಯ್‌ಗುಟ್ಟಿತು. ಸ್ವಿಶ್ ಎಂಬ ಹಣ ಕಳಿಸುವ ಆ್ಯಪಿನಲ್ಲಿ ಐದು ಸಾವಿರ ಬಂದಿತ್ತು. "ಅರ್ಧ ತಪ್ಪು ನಿಂದು, ಅರ್ಧ ನಂದು. ಫೇರ್ ತಾನೆ?"

"ನಕ್ಕಿದ್ದಕ್ಕೆ ಎಷ್ಟು ಅಣ್ಣ?"

ಅವನು ಕೊಂಕು ಮಾತಾಡಿರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ್ದ. ಭಾಸ್ಕರ ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಫೋನು ಒತ್ತಿದರು. ಇನ್ನೈದು ಸಾವಿರ.

ಶೇಷಾದ್ರಿ ಫೋನನ್ನು ಅಂಗೈಯಲ್ಲಿ ತೂಗಿ ನೋಡಿದ. ಆಮೇಲೆ ಆ ಎರಡನೆಯ ಐದು ಸಾವಿರವನ್ನು ತಿರುಗಿ ಕಳಿಸಿ, "ಕಮ್ಮಿ ಆಯ್ತು" ಎಂದು ಎದ್ದು ಹೋದ.