ಬೆಂಡೆಕಾಯಿ ಗೌರಕ್ಕ

1997ರಲ್ಲಿ, ಒಂಬತ್ತನೇ ಇಯತ್ತೆಯ ನಡುವೆ, ನಾನು ಓದು ನಿಲ್ಲಿಸಿದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ, ದುಡಿದು ಉಂಡಿದ್ದೇನೆ. ಆಮೇಲೆ ನನ್ನನ್ನು ಕೂರಿಸಿಕೊಂಡು ಏನಾದರೂ ಕಲಿಸಿದವರು ಅಂತ ಇದ್ದರೆ ಅವರು ಧಾರವಾಡದ ಅಂಚಿನ ಲಕಮನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಗೌರಕ್ಕ. ಅವರು ಬೆಂಡೆಕಾಯಿಯನ್ನು ಕಣ್ಣಿನಿಂದ ಆರಿಸುತ್ತಿರಲಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ತುದಿ ಮುರಿಯುತ್ತಿದ್ದರು. ‘ಟಕ್’ ಅಂದರೆ ಬುಟ್ಟಿಗೆ, ಸದ್ದಿಲ್ಲದೆ ಬಾಗಿದರೆ ಎಮ್ಮೆಯ ಮುಂದೆ.

“ಮಾತಾಡೂ ಕಾಯಿ ಎಳೀದು, ಸುಮ್ನ ಕುಂತದ್ದು ಬಲ್ತೈತಿ” ಅನ್ನುತ್ತಿದ್ದರು.

ಗೌರಕ್ಕ ಗರಗ ಊರಿನ ಒಕ್ಕಲುತನದ ಮನೆಯ ಮಗಳು. ಗಂಡ ತೀರಿಕೊಂಡ ಮೇಲೆ ಹಿತ್ತಲೇ ಅವರ ಸಂಸಾರ. ಪಾತ್ರೆ ತೊಳೆದ ನೀರು ಹರಿಯುವ ಕಡೆಗೆಲ್ಲ ಬೆಂಡೆಯ ಸಾಲು. ಹಣೆಗೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಓಣಿಯ ಆ ತುದಿಗೂ ಕೇಳುವ ದನಿ. ಬೆಳಿಗ್ಗೆ ಗಿಡದ ಹತ್ತಿರ ನಿಂತೇ ಎಳೆಗಾಯಿ ಕಿತ್ತು, ಶೇಂಗಾ ಚಟ್ನಿಪುಡಿಯಲ್ಲಿ ಅದ್ದಿ, ನಿನ್ನೆಯ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತಿದ್ದರು. ಅದು ಅವರ ನಾಷ್ಟಾ.

ನಾನು ಕಾರ್ಖಾನೆಗಳಲ್ಲಿ ಹಮಾಲಿ ಮಾಡಿ, ಮದುವೆಯಾದ ಮೇಲೆ ಹೆಂಡತಿ ಶೋಭಾಳ ಜೊತೆ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ಹಾಕಿದೆ. ಮೊದಲ ವಾರವೇ ಬೆಂಡೆಕಾಯಿ ಪಲ್ಯ ಲೋಳೆ ಲೋಳೆಯಾಗಿ, ಉಣ್ಣಲು ಬಂದವರು ಅದನ್ನು ತಾಟಿನ ಅಂಚಿಗೆ ಸರಿಸಿ ಎದ್ದರು. ಗೋಡೆಯ ಆಚೆಯಿಂದ ಗೌರಕ್ಕ ಇಣುಕಿದರು.

“ಬೆಂಡಿಕಾಯಿ ಮ್ಯಾಲೆ ಮುಚ್ಚಳ ಹಾಕಿದ್ರ ಅದು ಒಳಗ ಕುಂತು ಅಳತೈತಿ, ಶೋಭಾ. ಆ ಕಣ್ಣೀರ ನೀ ಮಂದಿಗೆ ಉಣಸಾಕತ್ತಿ.”

ಅಂದಿನಿಂದ ಪಾಠ ಶುರು. ತೊಳೆದು, ಒರೆಸಿ, ಆರಿದ ಮೇಲೇ ಹೆಚ್ಚಬೇಕು. ಬಾಣಲೆಗೆ ಮುಚ್ಚಳವಿಲ್ಲ. ಉಪ್ಪು ಎಲ್ಲಕ್ಕಿಂತ ಕಡೆಗೆ. ಇಷ್ಟು ಕಲಿಯಲು ನಮಗಿಬ್ಬರಿಗೂ ಒಂದು ಮಳೆಗಾಲ ಹಿಡಿಯಿತು.

ಖಾನಾವಳಿ ಹಾಕಿ ವರ್ಷವಾದರೂ ಗಿರಾಕಿ ಬೆಳೆಯಲಿಲ್ಲ. ನಡೆಯದಿದ್ದರೆ ಮತ್ತೆ ಹಮಾಲಿಗೇ ಹೋಗಬೇಕಿತ್ತು. ಅಷ್ಟರಲ್ಲಿ ಹತ್ತಿರದ ಕಾರ್ಖಾನೆಯ ಮ್ಯಾನೇಜರ ಸಾಹೇಬರು, ಗುರುವಾರ ಬಂದು ಉಂಡು ನೋಡುತ್ತೇನೆ, ಹಿಡಿಸಿದರೆ ನಮ್ಮ ಕೆಲಸಗಾರರ ಮಧ್ಯಾಹ್ನದ ಊಟ ನಿಮಗೇ ಅಂದರು. ಬುಧವಾರ ಸಂಜೆ ಸುದ್ದಿ ಬಂತು: ನಾಳೆ ಅವಳಿ ನಗರ ಬಂದ್. ಬೆಳಗಾದರೆ ಮಾರ್ಕೆಟ್ಟಿಗೆ ಬೀಗ, ಒಂದು ಕಾಯಿಪಲ್ಲೆಯ ಗಾಡಿಯೂ ಇಲ್ಲ. ಕಾರ್ಖಾನೆ ಮಾತ್ರ ನಡೆದಿತ್ತು. ಸಾಹೇಬರು ಬರುವುದು ಖಾತ್ರಿ.

“ನನ್ನ ಹಿತ್ತಲ ಬಂದ್ ಆಗೇತೇನು? ಬುಟ್ಟಿ ತಗೊಂಡು ಬಾ” ಅಂದರು ಗೌರಕ್ಕ.

ಆದರೆ ಜಿಟಿಜಿಟಿ ಮಳೆ. ಕಿತ್ತ ಕಾಯಿಯೆಲ್ಲ ತೊಪ್ಪೆ. ವಾರದಿಂದ ಬಿಸಿಲಿಲ್ಲದೆ ಎರಡೂ ಮನೆಯಲ್ಲಿ ಒಣಗಿದ ಅರಿವೆಯೊಂದೂ ಇರಲಿಲ್ಲ. ಒದ್ದೆ ಕಾಯಿ ಹೆಚ್ಚಿದರೆ ಮತ್ತೆ ಆ ಲೋಳೆಯೇ. ಗೌರಕ್ಕ ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಧೋತರ ತಂದರು. ಗರಗದಲ್ಲಿ ನೂತು ನೇಯ್ದ ಖಾದಿ, ಗಂಡನದು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸರ್ರನೆ ಹರಿದರು.

“ಅಕ್ಕಾರ, ಅದು ಅಣ್ಣಾರದು. ಬ್ಯಾಡ ಬಿಡ್ರಿ” ಅಂದೆ.

“ಅಣ್ಣಾರು ಇದ್ದಿದ್ರ ತಾವೇ ಹರದು ಕೊಡತಿದ್ರು. ಪೆಟ್ಟಿಗ್ಯಾಗ ಇದ್ದು ಇದು ಯಾರ ಹೊಟ್ಟಿ ತುಂಬಸತೈತಿ? ಹಿಡಿ ತಮ್ಮಾ, ಒರಸು. ಲಗೂ.”

ಮೂವರೂ ಕೂತು ಒಂದೊಂದೇ ಕಾಯಿ ಒರೆಸಿದೆವು. ಆಮೇಲೆ ಗೌರಕ್ಕನ ಕೈ ಓಡಿತು. ಕೆಲವನ್ನು ಸೀಳಿ ಶೇಂಗಾ, ಗುರೆಳ್ಳು ಪುಡಿ, ಹುಣಸೆ, ಬೆಲ್ಲ ತುಂಬಿ ಎಣ್ಣೆಯಲ್ಲಿ ಬೇಯಿಸಿದರು. ಕೆಲವನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಒರಳಲ್ಲಿ ಜಜ್ಜಿದರು. ಉಳಿದದ್ದನ್ನು ತೆಳ್ಳಗೆ ಹೆಚ್ಚಿ, ಗರಿಗರಿ ಹುರಿದು, ಸಾಹೇಬರು ಕೂತ ಮೇಲೇ ಮೊಸರಿಗೆ ಹಾಕಿದರು.

ಸಾಹೇಬರು ತಾಟು ನೋಡಿ ಕೈ ಹಿಂದೆಗೆದರು. “ಬರೇ ಬೆಂಡಿಕಾಯಿನ ಅದಾವಲ್ಲರಿ. ನಾ ಸಣ್ಣಾಂವ ಇದ್ದಾಗಿಂದ ಇದನ್ನ ತಿನ್ನಂಗಿಲ್ಲ.”

ಗೌರಕ್ಕ ಬಿಸಿ ರೊಟ್ಟಿ ಹಿಡಿದು ಮುಂದೆ ಬಂದರು.

“ತಿನಬ್ಯಾಡ್ರಿ ಸಾಹೇಬ್ರ. ರೊಟ್ಟಿ ಒಂದ ಚೂರ ಮುರೀರಿ, ಸುಟ್ಟದ್ದಕ್ಕ ಮುಟ್ಟಸ್ರಿ, ಇಟ್ಟ ಬಿಡ್ರಿ. ನೀವು ಉಪವಾಸ ಎದ್ದ ಹೋದ್ರ ನಮ್ಮ ಓಣಿ ಹೆಸರ ಕೆಡತೈತಿ.”

ಅವರು ಮುಟ್ಟಿಸಿದರು, ಬಾಯಿಗಿಟ್ಟರು. ಇನ್ನೊಂದು ಚೂರು ಮುರಿದು ಮತ್ತೆ ಮುಟ್ಟಿಸಿದರು. ಆಮೇಲೆ, “ಇನ್ನೊಂದು ರೊಟ್ಟಿ ಹಾಕ್ರಿ.” ತುಂಬಗಾಯಿ ಎರಡು ಸಲ ಹಾಕಿಸಿಕೊಂಡರು. ಮೊಸರಿನ ಬಟ್ಟಲನ್ನು ಬೆರಳಲ್ಲೇ ಬಳಿದರು.

“ಸೋಮವಾರದಿಂದ ನಮ್ಮ ಮಂದಿನ್ನ ಕಳಸ್ತೇನಿ. ಆದ್ರ ವಾರದಾಗ ಒಂದಿನ ಇದ ಇರಬೇಕು ನೋಡ್ರಿ.”

“ಎರಡ ದಿನಾ ಮಾಡ್ತೇವಿ,” ಅಂದರು ಗೌರಕ್ಕ. “ಮದಲ ಕೈ ತೊಳಕೋರಿ. ಇನ್ನ ನೆಕ್ಕಿದ್ರ ಬೆರಳ ಉಳಿಯಂಗಿಲ್ಲ.”

ಅವತ್ತು ಶೋಭಾ ನಕ್ಕ ನಗು ನಾನು ಮದುವೆಯಲ್ಲೂ ಕಂಡಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಧಾರವಾಡದ ಕಾಲೇಜುಗಳ ಕಡೆ ಎರಡನೇ ಖಾನಾವಳಿ ತೆರೆದ ದಿನ ಗೌರಕ್ಕ ಆಟೋದಲ್ಲಿ ಬಂದಿದ್ದರು. ಮೈ ಸೋತಿತ್ತು, ದನಿ ಸೋತಿರಲಿಲ್ಲ. ಬೇರೆ ಖುರ್ಚಿ ಹಾಕಿಸಿದರೆ ಅದರಲ್ಲಿ ಕೂರಲಿಲ್ಲ. ಓದುವ ಹುಡುಗರ ಸಾಲಿನಲ್ಲಿ ಕೂತು ಉಂಡರು. ಅಲ್ಲಿಯ ಪಲ್ಯ ನಾನೇ ಮಾಡಿದ್ದು. ಏನು ತಪ್ಪು ತೆಗೆಯುತ್ತಾರೋ ಅಂತ ಎದುರಿಗೆ ನಿಂತಿದ್ದೆ.

“ಏನ್ ನೋಡ್ತೀ? ಹಾಕು ಇನ್ನಷ್ಟ,” ಅಂದರು. “ನಿನಗ ಹೇಳೂದು ಇನ್ನೇನೂ ಉಳದಿಲ್ಲೋ ತಮ್ಮಾ.”

ನಾನು ಯಾವ ದೊಡ್ಡ ಪರೀಕ್ಷೆಯನ್ನೂ ಪಾಸಾದವನಲ್ಲ. ಅದೊಂದನ್ನು ಪಾಸಾದೆ. ಅದೇ ಕೊನೆಯ ಭೇಟಿ; ದೀಪಾವಳಿ ಕಳೆದು ಗೌರಕ್ಕ ತೀರಿಕೊಂಡರು.

ಈಗ ನನಗೆ ಎರಡು ಖಾನಾವಳಿ, ಒಂದು ಸ್ವಂತ ಮನೆ, ಹನ್ನೊಂದು ಮಂದಿ ಕೆಲಸಗಾರರು, ಡಿಗ್ರಿ ಓದುತ್ತಿರುವ ಒಬ್ಬಳು ಮಗಳು.