ಮಟ್ಟೆಯ ಹೊಗೆ ಹೋದ ದಾರಿ

ಸೊಳ್ಳೆ ಓಡಿಸಲು ಸೊಸೆ ಕೊಟ್ಟಿಗೆಯಲ್ಲಿ ತೆಂಗಿನ ಮಟ್ಟೆಯ ಹೊಗೆ ಹಾಕಿದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆಗೆದೆ. ಆ ವಾಸನೆ ಬಂತೆಂದರೆ ಮೇಷ್ಟ್ರಾಗಿದ್ದ ಎದುರುಮನೆಯ ಹುಡುಗ ನೆನಪಿಗೆ ಬರುತ್ತಾನೆ...

ಎಂಜಿನಿಯರಿಂಗ್ ಕಾಲೇಜಿನಲ್ಲಿ ಫೋನು, ರೇಡಿಯೋ, ಟವರಿನ ಪಾಠ ಹೇಳುತ್ತಿದ್ದ. ಕೊರೊನಾದಲ್ಲಿ ಕಾಲೇಜು ಮುಚ್ಚಿತು, ಊರಿಗೆ ಬಂದ. ಜಗಲಿಯಲ್ಲಿ ಕೂತು ರೋಗ ಹರಡುವ ಲೆಕ್ಕ ಹಾಕುತ್ತಿದ್ದ. ಟವರಿನವನಿಗೆ ರೋಗದ ಉಸಾಬರಿ ಏಕೆಂದು ನನಗೆ ನಗು. ನಾನು ಓದಿದ್ದು ಎರಡನೇ ಕ್ಲಾಸು.

ನಮ್ಮ ಶೆಡ್ಡಿಗೆ ಕೊಬ್ಬರಿ ಸುಲಿಯುವ ಹೆಂಗಸರು ಬರುವವರಿದ್ದರು. ಇಲಿ, ಅಳಿಲಿನ ಕಾಟಕ್ಕೆ ಅದರ ಕಿಟಕಿಗಳನ್ನು ನಾವು ಎಂದೂ ತೆಗೆದವರಲ್ಲ. ಹಿಂದಿನ ದಿನ ಅವನೇ ಬಂದು, ಹಳೆ ಬಾಣಲೆಯಲ್ಲಿ ಮಟ್ಟೆ ಹೊತ್ತಿಸಿ ನಡುವೆ ಇಟ್ಟ.

"ನೋಡಜ್ಜಿ, ಈ ಹೊಗೆ ಉಸ್ರು ಅಂದ್ಕ. ಕಾಯ್ಲೆಯವ್ರ ಬಾಯೇ ಟವರು, ನಿನ್ ಮೂಗೇ ಫೋನು."

"ನಮ್ಮೂರಲ್ಲಿ ಟವರೇ ಸಿಗಾಕಿಲ್ಲ, ನಿನ್ ರೋಗ ಎಲ್ ಸಿಕ್ತದೆ ಬುಡಪ್ಪ."

"ಬಯಲಲ್ಲಿ ದೂರ ಹೋದಂಗೆಲ್ಲ ಸಿಗ್ನಲ್ಲು ಸೋರೋಯ್ತದೆ ಕಣಜ್ಜಿ. ಮುಚ್ಚಿದ್ ಮನೇಲಿ ಎಲ್ಲಿಗೋದಾತು? ತುಂಬ್ಕತದೆ."

ಹೊಗೆ ಹೋಗಿ ನಿಂತದ್ದು ನಾನು ದಿನಾ ಕೂರುವ ಮೂಲೆಯಲ್ಲೇ. ಕೆಮ್ಮುತ್ತ ಹೊರಗೆ ಬಂದೆ. ಮರುದಿನ ಹೆಂಗಸರನ್ನು ತೋಟದಲ್ಲಿ, ಮರಕ್ಕೊಬ್ಬರಂತೆ ಕೂರಿಸಿದೆ. ಅವರಿಗೇನೂ ಆಗಲಿಲ್ಲ. ಅವನ ಲೆಕ್ಕದಿಂದಲೋ, ಅದೃಷ್ಟದಿಂದಲೋ, ನಾನರಿಯೆ.

ಕಾಯಿಲೆ ಬಂದದ್ದು ಅವನ ತಾಯಿಗೆ. ಮೊದಲೇ ಕಿವಿ ಮಂದ. ಬೀದಿ ಬದಿಯ ಕೋಣೆಯಲ್ಲಿ ಮಲಗಿಸಿ, ಮಾಸ್ಕು ಹಾಕಿಕೊಂಡು ಬಾಗಿಲಲ್ಲೇ ನಿಂತು ಕೂಗುತ್ತಿದ್ದ, "ಮಾತ್ರೆ ನುಂಗವ್ವಾ!"

"ಏನಂದ್ಯೋ?"

ಮತ್ತೆ ಕೂಗಿದ. ಅವಳಿಗೆ ಕೇಳಲಿಲ್ಲ. "ನನ್ನ ಸಾಯಾಕೆ ಬುಟ್ಟವ್ರೆ" ಎಂದು ಅಳತೊಡಗಿದಳು. ಅವನು ಮಾಸ್ಕು ಕಿತ್ತ.

"ಲೋ, ಹೊಗೆ ಮರ್ತೇನ್ಲಾ?" ನಮ್ಮ ಅಂಗಳದಿಂದಲೇ ಚೀರಿದೆ.

"ಅವ್ವುಂಗೆ ಕೇಳುಸ್ತಿಲ್ಲ ಕಣಜ್ಜಿ."

ಒಳಗೆ ಹೋಗಿ ಅವಳ ಕಿವಿಗೆ ಬಾಯಿಟ್ಟ. ಅಳು ನಿಂತಿತು.

ತಾಯಿ ಉಳಿದಳು. ಆಸ್ಪತ್ರೆಗೆ ಹೋದ ಅವನು ತಿರುಗಿ ಬರಲಿಲ್ಲ. ಅಷ್ಟು ತಿಳಿದವನು... ಎಂದು ಊರವರು ಆಡಿಕೊಂಡರು. ಅವನಿಗೆ ತಿಳಿದೇ ಇತ್ತು, ನಾನು ನೋಡಿದ್ದೇನೆ.

ಇವತ್ತು ಹೊಗೆ ಬೀದಿ ದಾಟಿ ಅವರ ಜಗಲಿಗೇ ಹೋಯಿತು. ಅವನ ತಾಯಿ ಅಲ್ಲಿ ಕೂತು ಕೆಮ್ಮಿದಳು. ನಾನು ಹೋಗಿ ಮಟ್ಟೆಗೆ ನೀರು ಸುರಿದೆ.

"ಏನಂದೆ?" ಎಂದು ಅಲ್ಲಿಂದಲೇ ಕೇಳಿದಳು.

ನಾನು ಏನೂ ಅಂದಿರಲಿಲ್ಲ.